ಬೀಗ ಹಾಕಿದ ಮನೆ, ದಿನವಿಡೀ ಊಳಿಡುವ ನಾಯಿ: ನೆರೆಯವರು ಏನು ಮಾಡಬಹುದು?

ನಾಯಿ ಬೊಗಳಿದರೆ ದೇವಲೋಕ ಹಾಳೇ ಎಂಬ ಗಾದೆ ಕನ್ನಡ ನಾಡಿನಲ್ಲಿ ಮನೆಮಾತು. ದೇವಲೋಕ ಹಾಳಾಗದಿರಬಹುದು. ಆದರೆ ಬೀಗ ಹಾಕಿದ ಮನೆಯ ಅಂಗಳದಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮನೆ ಬೊಗಳುವ, ಊಳಿಡುವ, ಸರಪಳಿ ಜಗ್ಗುವ ನಾಯಿಯಿಂದ ಪಕ್ಕದ ಮನೆಯ ನೆಮ್ಮದಿ ಹಾಳಾಗುವುದು ನಿಶ್ಚಿತ. ಅದಕ್ಕೂ ಮೊದಲು ಹಾಳಾಗಿರುವುದು ಆ ನಾಯಿಯ ನೆಮ್ಮದಿ.

ಬೆಳಗಾವಿ ಜಿಲ್ಲೆಯ ಸವದತ್ತಿ ತಾಲೂಕಿನ ಉಗರಗೋಳವನ್ನೇ ಉದಾಹರಣೆಯಾಗಿ ನೋಡಬಹುದು. ಯಲ್ಲಮ್ಮನ ಗುಡ್ಡದ ಮಗ್ಗುಲಲ್ಲಿರುವ ಇಂಥ ಊರಿನಲ್ಲಿ ಮನೆ ಮಂದಿಯ ದಿನಚರಿ ಬಹುಮಟ್ಟಿಗೆ ಹೊಲ, ಗುಡ್ಡದ ವ್ಯಾಪಾರ ಅಥವಾ ಪಕ್ಕದ ಪಟ್ಟಣದ ನೌಕರಿಯನ್ನು ಅವಲಂಬಿಸಿರುತ್ತದೆ. ಬೆಳಿಗ್ಗೆ ಹೊರಟವರು ಮರಳುವುದು ದೀಪ ಹಚ್ಚುವ ಹೊತ್ತಿಗೆ. ಕೂಡುಕುಟುಂಬದ ಕಾಲದಲ್ಲಿ ಮನೆಯ ಕಟ್ಟೆಯ ಮೇಲೆ ಒಬ್ಬರಾದರೂ ಹಿರಿಯರು ಕುಳಿತಿರುತ್ತಿದ್ದರು. ನಾಯಿ ಓಣಿಯಲ್ಲಿ ಅಡ್ಡಾಡಿ, ನಾಲ್ಕು ಮನೆಯ ರೊಟ್ಟಿ ತಿಂದು, ನೆರಳು ಕಂಡಲ್ಲಿ ಮಲಗುತ್ತಿತ್ತು. ಈಗ ಕಂಪೌಂಡ್ ಎದ್ದಿದೆ, ಗೇಟಿಗೆ ಬೀಗ ಬಿದ್ದಿದೆ, ನಾಯಿಯ ಕೊರಳಿಗೆ ಸರಪಳಿ ಬಂದಿದೆ. ಬೈಲಹೊಂಗಲ, ಹುಬ್ಬಳ್ಳಿ, ಬೆಂಗಳೂರುಗಳ ಬಡಾವಣೆಗಳಲ್ಲಿಯೂ ಸ್ಥಿತಿ ಇದೇ. ಅಲ್ಲಿ ಅಂಗಳದ ಬದಲು ಬಾಲ್ಕನಿ ಇರುತ್ತದೆ, ಅಷ್ಟೇ ವ್ಯತ್ಯಾಸ.

ಇಂಥ ಪ್ರಕರಣಗಳು ಮೊದಲು ಗೊಣಗಾಟದಿಂದ ಆರಂಭವಾಗಿ, ಜಗಳಕ್ಕೆ ತಿರುಗಿ, ಕೆಲವೊಮ್ಮೆ ಕಲ್ಲೆಸೆತ ಇಲ್ಲವೇ ವಿಷದ ತುತ್ತಿನಲ್ಲಿ ಮುಗಿಯುವುದುಂಟು. ಹಾಗೆ ಮುಗಿದಾಗ ಜೀವ ಹೋಗುವುದು ತಪ್ಪೇ ಮಾಡದ ಪ್ರಾಣಿಯದು. ಜೈಲಿನ ಭಯ ಎದುರಾಗುವುದು ನಿದ್ದೆಗೆಟ್ಟು ನೊಂದಿದ್ದ ನೆರೆಯವರಿಗೆ. ನಾಯಿಯನ್ನು ಕಡೆಗಣಿಸಿದ ಮಾಲೀಕರಿಗೆ ಮೊದಲ ಸಲದ ದಂಡ ಇಂದಿಗೂ 50 ರೂಪಾಯಿ ಮೀರುವುದಿಲ್ಲ. ಆ ನಾಯಿಗೆ ವಿಷವಿಕ್ಕಿದವರಿಗೆ ಐದು ವರ್ಷಗಳವರೆಗೆ ಸೆರೆವಾಸ ವಿಧಿಸಲು ಅವಕಾಶವಿದೆ. ಆದ್ದರಿಂದ ಈ ವಿಷಯದಲ್ಲಿ ಸಿಟ್ಟಿಗಿಂತ ಕ್ರಮಬದ್ಧ ಪ್ರಯತ್ನವೇ ನಾಯಿಗೂ ನೆರೆಯವರಿಗೂ ಕ್ಷೇಮ.

ಬೊಗಳುವುದರ ಅರ್ಥವೇನು?

ಎಲ್ಲ ಬೊಗಳುವಿಕೆಯೂ ಸಂಕಟದ ಕೂಗಲ್ಲ. ಹಾದಿಹೋಕರನ್ನು, ದನಗಳನ್ನು, ಬೇರೆ ನಾಯಿಗಳನ್ನು ಕಂಡಾಗ ನಾಯಿ ಬೊಗಳುವುದು ಅದರ ಸಹಜ ಸ್ವಭಾವ. ಕಾರಣ ಮರೆಯಾದೊಡನೆ ಆ ಬೊಗಳು ನಿಲ್ಲುತ್ತದೆ. ಕಾರಣವೇ ಕಾಣದೆ, ಏಕತಾನವಾಗಿ, ತಾಸುಗಟ್ಟಲೆ ಮುಂದುವರಿಯುವ ಬೊಗಳುವಿಕೆ ಹಾಗಲ್ಲ. ಮಾಡಲು ಏನೂ ಇಲ್ಲದ, ಓಡಲು ಜಾಗವಿಲ್ಲದ ನಾಯಿಯ ಬೇಸರ ಹೀಗೆ ಪ್ರಕಟವಾಗುತ್ತದೆ. ಹಸಿವು, ಬಾಯಾರಿಕೆ, ಬಿಸಿಲು, ನೋವು ಇವೂ ಕಾರಣವಾಗಿರಬಹುದು.

ಇವೆಲ್ಲಕ್ಕಿಂತ ಭಿನ್ನವಾದುದು ಒಂಟಿತನದ ಭೀತಿ. ಪಶುವೈದ್ಯರು ಇದನ್ನು ಅಗಲಿಕೆಯ ಆತಂಕ ಎಂದು ಗುರುತಿಸುತ್ತಾರೆ. ಮನೆಯವರು ಚಪ್ಪಲಿ ಮೆಟ್ಟಿ, ಕೀಲಿಕೈ ಹಿಡಿದೊಡನೆ ನಾಯಿಗೆ ಕಳವಳ ಶುರುವಾಗುತ್ತದೆ. ಅವರು ಹೋದ ಮೊದಲ ಅರ್ಧ ತಾಸಿನಲ್ಲಿ ಅದು ಸಾಮಾನ್ಯವಾಗಿ ತಾರಕಕ್ಕೇರುತ್ತದೆ. ಊಳಿಡುವುದು, ಜೊಲ್ಲು ಸುರಿಸುವುದು, ಒಂದೇ ಜಾಗದಲ್ಲಿ ಸುತ್ತುವುದು, ಬಾಗಿಲು ಹಾಗೂ ಗೇಟುಗಳನ್ನು ಕೆರೆದು ಉಗುರು, ಹಲ್ಲುಗಳನ್ನು ಗಾಯಮಾಡಿಕೊಳ್ಳುವುದು, ಮನೆಯವರಿದ್ದಾಗ ಎಂದೂ ಮಾಡದ ಕಡೆ ಮೂತ್ರ ವಿಸರ್ಜಿಸುವುದು ಇದರ ಲಕ್ಷಣಗಳು. ಇಟ್ಟ ಅನ್ನ ಅಥವಾ ರೊಟ್ಟಿಯನ್ನು ಮನೆಯವರು ಮರಳುವವರೆಗೆ ಮುಟ್ಟದಿರುವುದೂ ಒಂದು ಮುಖ್ಯ ಸೂಚನೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಎಲ್ಲವೂ ನಡೆಯುವುದು ಮಾಲೀಕರಿಲ್ಲದ ವೇಳೆಯಲ್ಲಿ. ಸಂಜೆ ಅವರು ಬರುವ ಹೊತ್ತಿಗೆ ನಾಯಿ ಬಾಲ ಅಲ್ಲಾಡಿಸುತ್ತ ಎದುರು ನಿಂತಿರುತ್ತದೆ. ಹಾಗಾಗಿ 'ನಮ್ಮ ನಾಯಿ ಬೊಗಳುವುದೇ ಇಲ್ಲ' ಎಂದು ಮಾಲೀಕರು ಹೇಳಿದರೆ ಅದು ಸುಳ್ಳೆಂದೇ ಭಾವಿಸಬೇಕಿಲ್ಲ. ಅವರಿಗೆ ನಿಜವಾಗಿಯೂ ತಿಳಿದಿರಲಾರದು. ತಮ್ಮ ನಾಯಿಯ ಹಗಲು ಹೇಗೆ ಕಳೆಯುತ್ತದೆ ಎಂಬುದು ಅವರಿಗಿಂತ ನೆರೆಯವರಿಗೇ ಹೆಚ್ಚು ಗೊತ್ತು.

ನಾಯಿಯನ್ನು ಎಷ್ಟು ಹೊತ್ತು ಒಂಟಿಯಾಗಿ ಬಿಡಬಹುದು ಎಂಬುದಕ್ಕೆ ಭಾರತದ ಕಾನೂನಿನಲ್ಲಿ ಗಂಟೆಗಳ ಲೆಕ್ಕವಿಲ್ಲ. ಬ್ರಿಟನ್ನಿನ ಪ್ರಾಣಿ ಕಲ್ಯಾಣ ಸಂಸ್ಥೆಗಳು ಬೆಳೆದ ನಾಯಿಗೂ ನಾಲ್ಕು ಗಂಟೆಗಳ ಮಿತಿಯನ್ನು ಸೂಚಿಸುತ್ತವೆ. ಸ್ವೀಡನ್ನಿನಲ್ಲಿ ಹಗಲು ಹೊತ್ತಿನಲ್ಲಿ ಕನಿಷ್ಠ ಆರು ಗಂಟೆಗೊಮ್ಮೆ ನಾಯಿಯನ್ನು ಹೊರಗೆ ಕರೆದೊಯ್ಯಬೇಕೆಂಬ ನಿಯಮವಿದೆ. ಮರಿಗಳಂತೂ ಇಷ್ಟು ಹೊತ್ತು ತಡೆದುಕೊಳ್ಳಲಾರವು.

ಬಿಸಿಲು, ಜಾತ್ರೆ ಮತ್ತು ಬೇಟೆ ನಾಯಿ

ಮಲಪ್ರಭೆಯ ದಡದ ಈ ಎರೆಭೂಮಿಯ ಸೀಮೆಯಲ್ಲಿ ಬೇಸಿಗೆಯ ಬಿಸಿಲು ಕಠಿಣವಾದುದು. ನಾಯಿಗೆ ಮನುಷ್ಯರಂತೆ ಮೈಯೆಲ್ಲ ಬೆವರುವುದಿಲ್ಲ. ಅದು ತೇಕುವುದರ ಮೂಲಕವೇ ಮುಖ್ಯವಾಗಿ ಮೈಯ ಕಾವನ್ನು ಇಳಿಸಿಕೊಳ್ಳುತ್ತದೆ. ಆರೋಗ್ಯವಂತ ನಾಯಿಯ ಮೈಯ ಉಷ್ಣತೆ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. ಅದು 41 ಡಿಗ್ರಿ ದಾಟಿದರೆ ಪ್ರಾಣಕ್ಕೆ ಅಪಾಯ. ಬೆಳಿಗ್ಗೆ ನೆರಳಿದ್ದ ಮೂಲೆಗೆ ಮಧ್ಯಾಹ್ನ ಬಿಸಿಲು ಬರುತ್ತದೆ. ಆದರೆ ಸರಪಳಿ ಬಿಗಿದ ನಾಯಿ ನೆರಳಿನ ಜೊತೆ ಸರಿಯಲಾರದು. ತಗಡಿನ ಶೆಡ್ಡು ನೆರಳು ನೀಡಿದರೂ ಒಳಗೆ ಕಾದ ಹಂಚಿನಂತಾಗುತ್ತದೆ. ಮಗುಚಿಬಿದ್ದ ನೀರಿನ ಬಟ್ಟಲನ್ನು ಮತ್ತೆ ತುಂಬುವವರು ಯಾರೂ ಇರುವುದಿಲ್ಲ.

ಎರಡನೆಯದು ಸದ್ದು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಯಲ್ಲಮ್ಮನ ಗುಡ್ಡಕ್ಕೆ ಲಕ್ಷಾಂತರ ಭಕ್ತರು ಬರುತ್ತಾರೆ. ಚೌಡಕಿ, ಜಾಗಟೆಗಳ ನಾದ, ಉಧೋ ಉಧೋ ಎಂಬ ಘೋಷ, ವಾಹನಗಳ ಸಾಲು ಹಗಲಿರುಳು ಮುಂದುವರಿಯುತ್ತವೆ. ನಾಯಿಯ ಕಿವಿ ಮನುಷ್ಯರ ಕಿವಿಗಿಂತ ಬಹಳ ಸೂಕ್ಷ್ಮ. ವ್ಯಾಪಾರಸ್ಥರ ಮನೆಗಳಲ್ಲಿ ದುಡಿಮೆಯ ಒತ್ತಡ ಹೆಚ್ಚಿ, ನಾಯಿಯ ಕಡೆ ಗಮನ ಕಡಿಮೆಯಾಗುವುದೂ ಇದೇ ದಿನಗಳಲ್ಲಿ. ದೀಪಾವಳಿಯ ಪಟಾಕಿಗೂ ಈ ಮಾತು ಅನ್ವಯ.

ಮೂರನೆಯದು ತಳಿ. ನೆರೆಯ ಬಾಗಲಕೋಟೆ ಜಿಲ್ಲೆಯ ಮುಧೋಳ ಬೇಟೆ ನಾಯಿಗೆ ದೇಶದಾದ್ಯಂತ ಹೆಸರಿದೆ. 2005ರಲ್ಲಿ ಅಂಚೆ ಇಲಾಖೆ ಭಾರತೀಯ ನಾಯಿ ತಳಿಗಳ ಅಂಚೆ ಚೀಟಿಗಳನ್ನು ಹೊರತಂದಾಗ ಮುಧೋಳ ನಾಯಿಗೂ ಸ್ಥಾನ ದೊರೆಯಿತು. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಬಯಲಿನಲ್ಲಿ ಮೊಲವನ್ನು ನೋಟದಿಂದಲೇ ಬೆನ್ನಟ್ಟಿ ಹಿಡಿಯಲೆಂದು ಬೆಳೆದು ಬಂದ ಈ ತಳಿಗೆ ಓಟವೇ ಜೀವಾಳ. ಅದನ್ನು ಹೆಮ್ಮೆಗಾಗಿ ಕೊಂಡು ತಂದು, ಆರಡಿ ಸರಪಳಿಯಲ್ಲಿ ಕಟ್ಟಿ ಹಾಕಿದರೆ ಅದರ ಸಂಕಟ ಇನ್ನೂ ಹೆಚ್ಚು.

ಮೊದಲ ಹೆಜ್ಜೆ: ಗಮನಿಸಿ, ಬರೆದಿಡುವುದು

ದೂರುವ ಮೊದಲು ಒಂದು ವಾರ ನಾಯಿಯ ದಿನಚರಿಯನ್ನು ಬರೆದಿಡುವುದು ಉತ್ತಮ. ಮನೆಯವರು ಹೊರಡುವ ಮತ್ತು ಮರಳುವ ವೇಳೆ, ಬೊಗಳು ಆರಂಭವಾದ ಹೊತ್ತು, ಅದು ನಡೆದ ಅವಧಿ, ನೀರು ಮತ್ತು ಆಹಾರ ಇತ್ತೇ, ನಾಯಿ ಇರುವ ಜಾಗಕ್ಕೆ ಬಿಸಿಲು ಬಂದದ್ದು ಯಾವಾಗ, ಸರಪಳಿ ಎಷ್ಟು ಉದ್ದ, ಮೈಮೇಲೆ ಗಾಯವಿದೆಯೇ, ಎಲುಬು ಕಾಣುವಷ್ಟು ಸೊರಗಿದೆಯೇ ಎಂಬ ವಿವರಗಳನ್ನು ದಿನಾಂಕ ಸಮೇತ ದಾಖಲಿಸಬೇಕು. ತಮ್ಮ ಮನೆಯಿಂದ ಅಥವಾ ರಸ್ತೆಯಿಂದ ಕಾಣುವಷ್ಟನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದರೆ ಸಾಕು. ಗೋಡೆ ಹತ್ತುವುದಾಗಲಿ, ಪರರ ಮನೆಯ ಒಳಭಾಗವನ್ನು ಚಿತ್ರೀಕರಿಸುವುದಾಗಲಿ ಸಲ್ಲದು.

ಈ ದಾಖಲೆಯಿಂದ ಎರಡು ಪ್ರಯೋಜನಗಳಿವೆ. ಸಮಸ್ಯೆ ಬೇಸರವೇ, ಬಾಯಾರಿಕೆಯೇ, ಭೀತಿಯೇ ಎಂಬುದು ಸ್ಪಷ್ಟವಾಗುತ್ತದೆ. ಮಧ್ಯಾಹ್ನ 12ಕ್ಕೆ ಶುರುವಾಗುವ ಕೂಗಿಗೆ ಬಿಸಿಲು ಕಾರಣವಿರಬಹುದು. ಗೇಟು ಮುಚ್ಚಿದ ಐದು ನಿಮಿಷಕ್ಕೆ ಶುರುವಾಗುವ ಕೂಗಿಗೆ ಅಗಲಿಕೆ ಕಾರಣವಿರಬಹುದು. ಮುಂದೆ ಅಧಿಕಾರಿಗಳ ಬಳಿ ಹೋಗಬೇಕಾಗಿ ಬಂದರೆ ಇದೇ ದಾಖಲೆ ಸಾಕ್ಷ್ಯವಾಗುತ್ತದೆ.

ಎರಡನೆಯ ಹೆಜ್ಜೆ: ಮಾತುಕತೆ

ಮಾತಿಗೆ ಹೊತ್ತು ಗೊತ್ತು ಬೇಕು. ದಣಿದು ಮರಳಿದವರನ್ನು ಗೇಟಿನಲ್ಲೇ ತಡೆದು ನಿಲ್ಲಿಸಿದರೆ ಉತ್ತರ ಸಿಟ್ಟಿನದೇ ಆಗಿರುತ್ತದೆ. ನಾಲ್ಕು ಮಂದಿಯ ಎದುರು ಹೇಳಿದರೆ ಅದು ಮರ್ಯಾದೆಯ ಪ್ರಶ್ನೆಯಾಗುತ್ತದೆ. ಬಿಡುವಿನ ಹೊತ್ತಿನಲ್ಲಿ, ಅವರ ಮನೆಯಲ್ಲಿಯೇ ಕುಳಿತು, ಒಬ್ಬರೇ ಹೋಗಿ ಹೇಳುವುದು ಲೇಸು. ತಮಗಾದ ತೊಂದರೆಯಿಂದ ಮಾತು ಆರಂಭಿಸುವ ಬದಲು ನಾಯಿಗಾಗುವ ತೊಂದರೆಯಿಂದ ಆರಂಭಿಸಿದರೆ ಎದುರಿನವರು ಕಿವಿಗೊಡುತ್ತಾರೆ. ಈ ಭಾಗದ ಮಾತಿನಲ್ಲಿ ಹೇಳುವುದಾದರೆ:

"ಕಾಕಾರ, ನೀವು ಹೊಲಕ್ಕ ಹ್ವಾದ ಮ್ಯಾಲ ನಾಯಿ ಭಾಳ ಒದರತೈತ್ರಿ. ನೀರಿನ ಬುಟ್ಟಿ ಮಗಚಿ ಬಿದ್ದಿರತೈತಿ, ಮಧ್ಯಾಹ್ನ ಬಿಸಿಲ ಪೂರಾ ಅದರ ಮೈಮ್ಯಾಲ. ನಿಮಗ ಗೊತ್ತಿರಲಿಕ್ಕಿಲ್ಲ ಅಂತ ಹೇಳಾಕ ಬಂದೆ. ನಾವು ಮನ್ಯಾಗ ಇರತೀವಿ, ನೀರು ಇಡೂದು ಬ್ಯಾಡೇನ್ರಿ?"

ಇಂಥ ಮಾತಿನಲ್ಲಿ ಆಪಾದನೆ ಇಲ್ಲ, ಮಾಹಿತಿ ಇದೆ, ಜೊತೆಗೆ ನೆರವಿನ ಭರವಸೆಯೂ ಇದೆ. ಧ್ವನಿಮುದ್ರಣವಿದ್ದರೆ ಆಗ ಕೇಳಿಸಬಹುದು. ತಮ್ಮ ನಾಯಿಯ ಊಳನ್ನು ಮೊದಲ ಬಾರಿಗೆ ಕೇಳಿದ ಮಾಲೀಕರ ಮನಸ್ಸು ಕರಗುವ ಸಾಧ್ಯತೆಯೇ ಹೆಚ್ಚು. ನೇರ ಮಾತಿಗೆ ಸಂಬಂಧ ಹದವಾಗಿಲ್ಲದಿದ್ದರೆ ಇಬ್ಬರಿಗೂ ಬೇಕಾದ ಓಣಿಯ ಹಿರಿಯರೊಬ್ಬರ ಮೂಲಕ ವಿಷಯ ಮುಟ್ಟಿಸಬಹುದು. ನಗರಗಳ ವಸತಿ ಸಮುಚ್ಚಯಗಳಲ್ಲಿ ನಿವಾಸಿಗಳ ಸಂಘದ ಪದಾಧಿಕಾರಿಗಳು ಈ ಕೆಲಸ ಮಾಡಬಹುದು. ಒಪ್ಪಿಗೆಯಾದ ಅಂಶಗಳಿಗೆ ಎರಡು ವಾರಗಳ ಕಾಲಾವಕಾಶ ಕೊಟ್ಟು ಮತ್ತೆ ನೋಡುವುದು ನ್ಯಾಯ.

ಮಾಲೀಕರು ಮಾಡಬಹುದಾದ ಬದಲಾವಣೆಗಳು

ಮಾತುಕತೆಗೆ ಹೋಗುವವರ ಬಳಿ ದೂರಿನ ಜೊತೆಗೆ ಪರಿಹಾರವೂ ಇರಬೇಕು. ಹೆಚ್ಚಿನವು ಖರ್ಚಿಲ್ಲದವು.

ಹೊರಡುವ ಮೊದಲು ಬೆಳಿಗ್ಗೆ ಅರ್ಧ ತಾಸು ನಾಯಿಯನ್ನು ನಡೆಸಿ ಅಥವಾ ಓಡಿಸಿ ತಂದರೆ, ದಣಿದ ನಾಯಿ ಹಗಲಿನ ಬಹುಪಾಲು ಮಲಗುತ್ತದೆ. ಹೊಲಕ್ಕೆ ಹೋಗುವವರು ಅದನ್ನು ಜೊತೆಗೆ ಕರೆದೊಯ್ಯುವುದು ಇನ್ನೂ ಸರಳ. ಹೊಲದ ಕಾವಲಿಗೂ ಅದರಿಂದ ಅನುಕೂಲ. ನೀರಿಗೆ ಹಗುರವಾದ ಸ್ಟೀಲ್ ಬಟ್ಟಲಿಗಿಂತ ಮಗುಚದ ಕಲ್ಲಿನ ಬಾನಿ ಅಥವಾ ಭಾರವಾದ ಮಣ್ಣಿನ ಪಾತ್ರೆ ಉತ್ತಮ. ಸರಪಳಿ ಬಿಚ್ಚಿ ಕಂಪೌಂಡಿನೊಳಗೆ ಸುತ್ತಾಡಲು ಬಿಡಬಹುದು. ಕಟ್ಟಲೇಬೇಕಾದ ಸ್ಥಿತಿಯಿದ್ದರೆ ನೆರಳಿನಲ್ಲಿ ಉದ್ದನೆಯ, ಹಗುರವಾದ ಹಗ್ಗ ಇರಲಿ. ಗಿಡದ ಬುಡಕ್ಕೆ ಸುತ್ತಿಕೊಳ್ಳುವಂತೆ ಅಥವಾ ಗೋಡೆ ಜಿಗಿದು ನೇತಾಡುವಂತೆ ಹಗ್ಗ ಇರಬಾರದು. ಹಾಗೆ ಕೊರಳು ಬಿಗಿದು ನಾಯಿಗಳು ಸಾಯುವುದುಂಟು.

ಆಹಾರವನ್ನು ಒಂದೇ ಬಟ್ಟಲಿಗೆ ಹಾಕುವ ಬದಲು ಒಣ ರೊಟ್ಟಿಯ ಚೂರುಗಳನ್ನು ಅಂಗಳದ ಅಲ್ಲಲ್ಲಿ ಚೆಲ್ಲಿ, ಮೂಸಿ ಹುಡುಕಿ ತಿನ್ನುವಂತೆ ಮಾಡಿದರೆ ನಾಯಿಗೆ ಕೆಲಸ ಸಿಗುತ್ತದೆ. ರಸ್ತೆ ಕಾಣುವ ಗೇಟಿನ ಕೆಳಭಾಗಕ್ಕೆ ತಟ್ಟಿ ಅಥವಾ ತಗಡು ಮರೆ ಮಾಡಿದರೆ ಹಾದಿಹೋಕರನ್ನು ಕಂಡು ಬೊಗಳುವುದು ಕಡಿಮೆಯಾಗುತ್ತದೆ. ಮಧ್ಯಾಹ್ನ ಒಮ್ಮೆ ಬಂದು ನೋಡಲು ಸಂಬಂಧಿಕರನ್ನೋ, ಶಾಲೆ ಬಿಟ್ಟು ಬರುವ, ನಾಯಿಯ ಪರಿಚಯವಿರುವ ದೊಡ್ಡ ಮಕ್ಕಳನ್ನೋ, ಒಪ್ಪುವ ನೆರೆಯವರನ್ನೋ ಗೊತ್ತುಮಾಡಬಹುದು. ಪಟ್ಟಣಗಳಲ್ಲಿ ಹಣ ಪಡೆದು ನಾಯಿಗಳನ್ನು ನಡೆಸುವವರೂ, ಹಗಲು ಹೊತ್ತು ನೋಡಿಕೊಳ್ಳುವ ಕೇಂದ್ರಗಳೂ ಇವೆ.

ಅಗಲಿಕೆಯ ಆತಂಕಕ್ಕೆ ಇಷ್ಟೇ ಸಾಲದು. ಒಂಟಿತನವನ್ನು ನಾಯಿಗೆ ಮೆಲ್ಲಮೆಲ್ಲನೆ ರೂಢಿ ಮಾಡಿಸಬೇಕು. ಮೊದಲು ಅರ್ಧ ನಿಮಿಷ ಹೊರಹೋಗಿ ಬರುವುದು, ನಂತರ ಎರಡು ನಿಮಿಷ, ಐದು ನಿಮಿಷ, ಹೀಗೆ ನಾಯಿ ಹೆದರುವ ಮುನ್ನವೇ ಮರಳುತ್ತ ಅವಧಿಯನ್ನು ಹೆಚ್ಚಿಸುವುದು ಇದರ ಕ್ರಮ. ಕೀಲಿಕೈ ಹಿಡಿದು ಹೊರಗೆ ಹೋಗದೆ ಕುಳಿತುಕೊಳ್ಳುವುದನ್ನು ಹಲವು ಬಾರಿ ಮಾಡಿದರೆ ಆ ಸದ್ದಿನ ಭಯ ತಗ್ಗುತ್ತದೆ. ಬೊಗಳಿದ್ದಕ್ಕಾಗಿ ಸಂಜೆ ಬಂದು ಹೊಡೆದರೆ ನಾಯಿಗೆ ಕಾರಣ ತಿಳಿಯುವುದಿಲ್ಲ, ಭಯ ಮಾತ್ರ ಇಮ್ಮಡಿಯಾಗುತ್ತದೆ. ತೀವ್ರವಾದ ಪ್ರಕರಣಗಳಲ್ಲಿ ಫ್ಲುಆಕ್ಸೆಟಿನ್, ಕ್ಲೋಮಿಪ್ರಮಿನ್‌ನಂಥ ಔಷಧಗಳನ್ನು ತರಬೇತಿಯ ಜೊತೆಗೆ ಕೊಡುವ ಪದ್ಧತಿ ಇದೆ. ಇವನ್ನು ಪಶುವೈದ್ಯರ ಸಲಹೆಯಿಲ್ಲದೆ ಕೊಡಲಾಗದು. ಮನುಷ್ಯರ ನಿದ್ದೆಗುಳಿಗೆಯನ್ನು ನಾಯಿಗೆ ತಿನ್ನಿಸುವುದು ಅಪಾಯಕಾರಿ.

ಕಾನೂನು ಏನು ಹೇಳುತ್ತದೆ?

ಮಾತಿನಿಂದ ಫಲ ಸಿಗದಿದ್ದಾಗ ಆಧಾರವಾಗುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ. ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯೆಯಾಗಿದ್ದ ನೃತ್ಯ ಕಲಾವಿದೆ ರುಕ್ಮಿಣಿದೇವಿ ಅರುಂಡೇಲ್ ಅವರು ಮಂಡಿಸಿದ ಖಾಸಗಿ ಮಸೂದೆ ಈ ಕಾಯ್ದೆಗೆ ಪ್ರೇರಣೆ. ಕಾಯ್ದೆಯನ್ವಯ 1962ರಲ್ಲಿ ಸ್ಥಾಪನೆಯಾದ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷೆ.

ಪ್ರಾಣಿಯನ್ನು ತನ್ನ ವಶದಲ್ಲಿಟ್ಟುಕೊಂಡ ಪ್ರತಿಯೊಬ್ಬರೂ ಅದರ ಯೋಗಕ್ಷೇಮಕ್ಕೆ ಸೂಕ್ತ ಕ್ರಮ ಕೈಗೊಳ್ಳಬೇಕು, ಅನವಶ್ಯಕ ನೋವನ್ನು ತಡೆಯಬೇಕು ಎಂದು ಈ ಕಾಯ್ದೆಯ 3ನೆಯ ಕಲಂ ವಿಧಿಸುತ್ತದೆ. ಕ್ರೌರ್ಯದ ಬಗೆಗಳನ್ನು ಪಟ್ಟಿ ಮಾಡುವ 11ನೆಯ ಕಲಮಿನಲ್ಲಿ ಒಂಟಿ ನಾಯಿಯ ಪ್ರಕರಣಕ್ಕೆ ನೇರವಾಗಿ ಅನ್ವಯವಾಗುವ ಅಂಶಗಳಿವೆ. ತೀರಾ ಗಿಡ್ಡ ಅಥವಾ ತೀರಾ ಭಾರವಾದ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟಿಹಾಕುವುದು ಅಪರಾಧ. ಯಾವಾಗಲೂ ಕಟ್ಟಿಹಾಕಿದ ಅಥವಾ ಇಕ್ಕಟ್ಟಿನಲ್ಲಿ ಕೂಡಿಹಾಕಿದ ನಾಯಿಗೆ ತಕ್ಕಷ್ಟು ವ್ಯಾಯಾಮ ಮಾಡಿಸದಿರುವುದು ಅಪರಾಧ. ಇಲ್ಲಿ ಕಾಯ್ದೆ ನಾಯಿಯ ಹೆಸರನ್ನೇ ಎತ್ತಿ ಹೇಳಿದೆ ಎಂಬುದು ಗಮನಾರ್ಹ. ಸಾಕಷ್ಟು ಆಹಾರ, ನೀರು, ಆಶ್ರಯ ಒದಗಿಸದಿರುವುದೂ ಅಪರಾಧವೇ. ಹಸಿವು ಬಾಯಾರಿಕೆಗಳಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆದುಹೋಗುವುದು ಇನ್ನೊಂದು ಅಪರಾಧ. ಆದ್ದರಿಂದ ದೂರಿಗೆ ಬೇಸತ್ತ ಮಾಲೀಕರು ನಾಯಿಯನ್ನು ದೂರದ ಊರಿನಲ್ಲಿ ಬಿಟ್ಟು ಬಂದರೆ ಸಮಸ್ಯೆ ಪರಿಹಾರವಾದಂತಲ್ಲ, ಹೊಸ ಅಪರಾಧ ನಡೆದಂತೆ.

ದಂಡದ ಪ್ರಮಾಣ ಮಾತ್ರ 1960ರ ಕಾಲದ್ದೇ. ಮೊದಲ ಅಪರಾಧಕ್ಕೆ 10ರಿಂದ 50 ರೂಪಾಯಿ. ಮೂರು ವರ್ಷಗಳೊಳಗೆ ಪುನರಾವರ್ತನೆಯಾದರೆ 25ರಿಂದ 100 ರೂಪಾಯಿ ದಂಡ, ಇಲ್ಲವೇ ಮೂರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ. ಶಿಕ್ಷೆಯನ್ನು ಹೆಚ್ಚಿಸುವ ತಿದ್ದುಪಡಿಯ ಕರಡನ್ನು ಕೇಂದ್ರ ಸರಕಾರ 2022ರ ನವೆಂಬರಿನಲ್ಲಿ ಸಾರ್ವಜನಿಕರ ಅಭಿಪ್ರಾಯಕ್ಕಾಗಿ ಪ್ರಕಟಿಸಿತ್ತು. ಆದರೆ ಕಾಯ್ದೆಯ ಬಲ ದಂಡದ ಮೊತ್ತದಲ್ಲಷ್ಟೇ ಇಲ್ಲ. ಮಾಲೀಕರ ಅಪರಾಧ ಸಾಬೀತಾಗಿ, ಪ್ರಾಣಿ ಅವರ ಬಳಿಯೇ ಉಳಿದರೆ ಮತ್ತೆ ಕ್ರೌರ್ಯ ನಡೆಯುವ ಸಂಭವವಿದೆ ಎಂದು ಕಂಡುಬಂದರೆ, ಒಡೆತನವನ್ನೇ ರದ್ದುಪಡಿಸುವ ಅಧಿಕಾರ 29ನೆಯ ಕಲಂ ಪ್ರಕಾರ ನ್ಯಾಯಾಲಯಕ್ಕಿದೆ.

ಜಲ್ಲಿಕಟ್ಟು ಪ್ರಕರಣದಲ್ಲಿ 2014ರ ಮೇ 7ರಂದು ಸುಪ್ರೀಂ ಕೋರ್ಟು ನೀಡಿದ ತೀರ್ಪು ಈ ಕಲಮುಗಳ ಅರ್ಥವನ್ನು ವಿಸ್ತರಿಸಿತು. ಹಸಿವು ಬಾಯಾರಿಕೆಗಳಿಂದ, ಅನನುಕೂಲದಿಂದ, ನೋವು ರೋಗಗಳಿಂದ, ಭಯ ಸಂಕಟಗಳಿಂದ ಮುಕ್ತಿ ಹಾಗೂ ಸಹಜ ವರ್ತನೆಯ ಅವಕಾಶ ಎಂಬ ಐದು ಸ್ವಾತಂತ್ರ್ಯಗಳನ್ನು 3 ಮತ್ತು 11ನೆಯ ಕಲಮುಗಳಲ್ಲಿ ಸೇರಿಸಿ ಓದಬೇಕೆಂದು ಅದು ಹೇಳಿತು. ಜಲ್ಲಿಕಟ್ಟಿನ ವಿಷಯದಲ್ಲಿ ಮುಂದೆ ರಾಜ್ಯಗಳು ಕಾನೂನಿಗೆ ತಿದ್ದುಪಡಿ ತಂದು, 2023ರಲ್ಲಿ ಸುಪ್ರೀಂ ಕೋರ್ಟು ಅವನ್ನು ಎತ್ತಿಹಿಡಿಯಿತು. ಆದರೆ ಸಾಕುಪ್ರಾಣಿಯ ಮಾಲೀಕರ ಹೊಣೆ ಇದರಿಂದ ಕಡಿಮೆಯಾಗಿಲ್ಲ.

ಇನ್ನೊಂದು ಮಗ್ಗುಲೂ ಇದೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ನಾಯಿ ಸಾಕುವುದನ್ನು ವಸತಿ ಸಂಘಗಳು ಬಹುಮತದಿಂದಲೂ ನಿಷೇಧಿಸುವಂತಿಲ್ಲ. ಬೊಗಳುತ್ತದೆ ಎಂಬ ಒಂದೇ ಕಾರಣಕ್ಕೆ ನಾಯಿಯನ್ನು ಹೊರಹಾಕಿಸುವಂತಿಲ್ಲ. ಅದೇ ವೇಳೆ, ರಾತ್ರಿ ಹೊತ್ತು ನಾಯಿ ಸುಮ್ಮನಿರುವಂತೆ ನೋಡಿಕೊಳ್ಳಲು ಮಾಲೀಕರು ಪ್ರಯತ್ನಿಸಬೇಕು ಎಂದೂ ಅದು ಹೇಳುತ್ತದೆ.

ದೂರು ಎಲ್ಲಿ, ಹೇಗೆ?

ಉಗರಗೋಳದಂಥ ಹಳ್ಳಿಯಲ್ಲಿ ಮೊದಲ ಮೆಟ್ಟಿಲು ಗ್ರಾಮ ಪಂಚಾಯಿತಿ ಹಾಗೂ ಸರಕಾರಿ ಪಶುವೈದ್ಯರು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಪಶುವೈದ್ಯರು ಬಂದು ನಾಯಿಯ ಸ್ಥಿತಿಯನ್ನು ನೋಡಿ ಮಾಲೀಕರಿಗೆ ತಿಳಿಹೇಳಿದರೆ ನೆರೆಯವರ ಮಾತಿಗಿಂತ ಅದಕ್ಕೆ ತೂಕ ಹೆಚ್ಚು. ರೇಬೀಸ್ ಲಸಿಕೆ ಆಗಿದೆಯೇ ಎಂಬುದೂ ಆಗ ತಿಳಿಯುತ್ತದೆ. ಬೆಂಗಳೂರಿನಂಥ ನಗರಗಳಲ್ಲಿ ಪಾಲಿಕೆಯ ಪಶುಸಂಗೋಪನಾ ವಿಭಾಗ ಈ ಕೆಲಸ ನೋಡಿಕೊಳ್ಳುತ್ತದೆ. ಅಲ್ಲಿ ಸಾಕುನಾಯಿಗೆ ಪರವಾನಗಿ ಪಡೆಯುವ ನಿಯಮವೂ ಇದೆ.

ಪ್ರತಿ ಜಿಲ್ಲೆಯಲ್ಲಿ ಪ್ರಾಣಿ ದಯಾ ಸಂಘ ಇರಬೇಕೆಂದು ಕೇಂದ್ರದ 2001ರ ನಿಯಮಗಳು ಹೇಳುತ್ತವೆ. ಜಿಲ್ಲಾಧಿಕಾರಿಗಳ ಕಚೇರಿ ಅಥವಾ ಪಶುಪಾಲನಾ ಇಲಾಖೆಯ ಉಪನಿರ್ದೇಶಕರ ಕಚೇರಿಯ ಮೂಲಕ ಅದಕ್ಕೆ ದೂರು ಸಲ್ಲಿಸಬಹುದು.

ಪೊಲೀಸ್ ಠಾಣೆಗೆ ಹೋಗುವವರು ಒಂದು ಸಂಗತಿಯನ್ನು ತಿಳಿದಿರಬೇಕು. ನಾಯಿಯನ್ನು ಕಟ್ಟಿಹಾಕಿ ಕಡೆಗಣಿಸಿದ ಅಪರಾಧ ಅಸಂಜ್ಞೇಯ ಸ್ವರೂಪದ್ದು. ಪೊಲೀಸರು ದೂರನ್ನು ದಾಖಲಿಸಿಕೊಂಡರೂ ದಂಡಾಧಿಕಾರಿಗಳ ಅನುಮತಿಯಿಲ್ಲದೆ ತನಿಖೆ ನಡೆಸಲಾಗದು, ವಾರಂಟ್ ಇಲ್ಲದೆ ಬಂಧಿಸಲಾಗದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 174ನೆಯ ಕಲಂ ಪ್ರಕಾರ ಇದು ನಡೆಯಬೇಕು. ಹಾಗಾಗಿ 'ಪೊಲೀಸರು ಏನೂ ಮಾಡಲಿಲ್ಲ' ಎಂಬ ನಿರಾಸೆಗೆ ಕಾನೂನಿನ ಈ ಮಿತಿಯೂ ಕಾರಣ. ಆದರೂ ಠಾಣೆಯಿಂದ ಬಂದ ಒಂದು ಕರೆ ಮಾಲೀಕರನ್ನು ಎಚ್ಚರಿಸಬಲ್ಲದು.

ಕಾಯ್ದೆಯ 36ನೆಯ ಕಲಂ ಇನ್ನೊಂದು ಗಡುವನ್ನು ಹಾಕಿದೆ. ಅಪರಾಧ ನಡೆದು ಮೂರು ತಿಂಗಳು ಕಳೆದ ಬಳಿಕ ಮೊಕದ್ದಮೆ ಹೂಡುವಂತಿಲ್ಲ. ವರ್ಷಗಟ್ಟಲೆ ಸಹಿಸಿಕೊಂಡು ಒಮ್ಮೆಲೆ ಸಿಡಿಯುವವರಿಗಿಂತ, ದಿನಾಂಕ ಬರೆದಿಟ್ಟು ಸಕಾಲದಲ್ಲಿ ದೂರುವವರಿಗೆ ಕಾನೂನು ನೆರವಾಗುತ್ತದೆ.

ಬೊಗಳುವಿಕೆ ಇಡೀ ಓಣಿಯ ನೆಮ್ಮದಿ ಕೆಡಿಸಿದೆ ಎಂದಾದರೆ ಸಾರ್ವಜನಿಕ ಉಪದ್ರವದ ನೆಲೆಯಲ್ಲಿ, ಅದೇ ಸಂಹಿತೆಯ 152ನೆಯ ಕಲಂ ಪ್ರಕಾರ ತಹಶೀಲ್ದಾರರಿಗೆ ಅಥವಾ ಬೈಲಹೊಂಗಲದ ಉಪವಿಭಾಗಾಧಿಕಾರಿಗೆ ಅರ್ಜಿ ಸಲ್ಲಿಸಲು ಅವಕಾಶವಿದೆ. ಒಂದೇ ಮನೆಯ ದೂರಿಗಿಂತ ಹಲವು ಮನೆಗಳ ಸಹಿ ಇಲ್ಲಿ ಅಗತ್ಯ. ನ್ಯಾಯಾಲಯದ ಮೆಟ್ಟಿಲು ಹತ್ತುವ ಮುನ್ನ ರಾಜಿಗೆ ಯತ್ನಿಸುವವರು ತಾಲೂಕು ಕಾನೂನು ಸೇವಾ ಸಮಿತಿಯನ್ನು ಸಂಪರ್ಕಿಸಬಹುದು. ಇದರ ಸಹಾಯವಾಣಿ 15100.

ಪ್ರಾಣಕ್ಕೆ ಅಪಾಯವಿದ್ದಾಗ

ನಾಯಿ ಬಿಸಿಲಿನಲ್ಲಿ ಕುಸಿದು ಬಿದ್ದಿದ್ದರೆ, ವಿಪರೀತ ತೇಕಿ ತೂರಾಡುತ್ತಿದ್ದರೆ, ಹಗ್ಗ ಕೊರಳಿಗೆ ಬಿಗಿದಿದ್ದರೆ ಅಥವಾ ಮನೆಯವರು ದಿನಗಟ್ಟಲೆ ಮರಳದಿದ್ದರೆ ಅದು ತುರ್ತು ಪರಿಸ್ಥಿತಿ. ಮೊದಲು ಮಾಲೀಕರಿಗೆ ಕರೆ ಮಾಡಬೇಕು. ಅವರು ಸಿಗದಿದ್ದರೆ ಪೊಲೀಸರ 112 ಹಾಗೂ ಪಶು ಚಿಕಿತ್ಸಾ ವಾಹನದ 1962 ಸಂಖ್ಯೆಗಳಿಗೆ ತಿಳಿಸಬೇಕು. ಊರಿನ ಇಬ್ಬರು ಹಿರಿಯರನ್ನು ಸಾಕ್ಷಿಯಾಗಿ ಕರೆಯುವುದು ಒಳಿತು. ತಾವಾಗಿಯೇ ಬೀಗ ಒಡೆದರೆ ಅತಿಕ್ರಮ ಪ್ರವೇಶದ ಆರೋಪ ಬರಬಹುದು. ಹೊರಗಿನಿಂದಲೇ ನೀರು ಚಿಮುಕಿಸಲು, ನೀರಿನ ಪಾತ್ರೆಯನ್ನು ಗೇಟಿನ ಸಂದಿಯಿಂದ ತಳ್ಳಲು ಸಾಧ್ಯವಿದ್ದರೆ ಅಷ್ಟು ಮಾಡಬಹುದು. ಕಾವೇರಿದ ನಾಯಿಗೆ ತಣ್ಣೀರು ಮತ್ತು ಗಾಳಿ ಜೀವ ಉಳಿಸುತ್ತವೆ.

ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಮಾತನ್ನು ಇಲ್ಲಿ ನಂಬಬಾರದು. ಕಟ್ಟಿಹಾಕಿದ, ಹೆದರಿದ ನಾಯಿ ಪರಿಚಿತರನ್ನೂ ಕಚ್ಚಬಹುದು. ಕಚ್ಚಿದರೆ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಪಡೆಯಬೇಕು.

ಮಾಡಬಾರದ ಕೆಲಸಗಳು

ಕಲ್ಲೆಸೆಯುವುದು, ಕುದಿನೀರು ಎರಚುವುದು, ಪಟಾಕಿ ಸಿಡಿಸಿ ಹೆದರಿಸುವುದು ಇವೆಲ್ಲ ಕ್ರೌರ್ಯವೇ. ಇದರಿಂದ ಬೊಗಳುವಿಕೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು. ಗೇಟು ತೆರೆದು ನಾಯಿಯನ್ನು ರಸ್ತೆಗೆ ಬಿಟ್ಟರೆ ಅದು ವಾಹನಕ್ಕೆ ಸಿಕ್ಕಬಹುದು ಅಥವಾ ಮಕ್ಕಳನ್ನು ಕಚ್ಚಬಹುದು.

ಅನುಕಂಪದಿಂದ ಆಹಾರ ಹಾಕುವವರೂ ಮಾಲೀಕರ ಒಪ್ಪಿಗೆ ಪಡೆಯುವುದು ಕ್ಷೇಮ. ನಾಳೆ ನಾಯಿಗೆ ಕಾಯಿಲೆಯಾದರೆ ಅಪವಾದ ತಮ್ಮ ಮೇಲೆ ಬರುತ್ತದೆ. ಉಳ್ಳಾಗಡ್ಡಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು ನಾಯಿಗೆ ವಿಷಸಮಾನ. ಬೇಯಿಸಿದ ಎಲುಬು ಗಂಟಲು, ಕರುಳುಗಳನ್ನು ಚುಚ್ಚಬಹುದು.

ಇನ್ನು ವಿಷದ ಮಾತು. ಹಳೆಯ ಭಾರತೀಯ ದಂಡ ಸಂಹಿತೆಯ 428 ಮತ್ತು 429ನೆಯ ಕಲಮುಗಳು ಪ್ರಾಣಿಯ ಬೆಲೆ 10 ರೂಪಾಯಿಯೇ, 50 ರೂಪಾಯಿಯೇ ಎಂದು ನೋಡಿ ಶಿಕ್ಷೆಯನ್ನು ಭಿನ್ನವಾಗಿಸಿದ್ದವು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಂ ಆ ಬೆಲೆಯ ಲೆಕ್ಕವನ್ನು ಕೈಬಿಟ್ಟಿದೆ. ಯಾವುದೇ ಪ್ರಾಣಿಯನ್ನು ಕೇಡೆಸಗುವ ಕೃತ್ಯದಿಂದ ಕೊಂದರೂ, ವಿಷವಿಕ್ಕಿದರೂ, ಅಂಗಹೀನಗೊಳಿಸಿದರೂ ಐದು ವರ್ಷಗಳವರೆಗೆ ಸೆರೆವಾಸ, ಅಥವಾ ದಂಡ, ಅಥವಾ ಎರಡೂ ಆಗಬಹುದು.

ನಾಯಿಯ ಋಣವನ್ನು ಕಲ್ಲಿನಲ್ಲಿ ಕೆತ್ತಿಸಿದ ನಾಡು ಇದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಶಿಲಾಶಾಸನವು ಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ನಾಯಿಯನ್ನು ಸ್ಮರಿಸುತ್ತದೆ. ಆ ಕಲ್ಲು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬೀಗ ಹಾಕಿದ ಮನೆಯ ನಾಯಿಗೆ ಅಂಥ ಗೌರವವೇನೂ ಬೇಕಿಲ್ಲ. ಮಗುಚದ ಒಂದು ಪಾತ್ರೆ ನೀರು, ಮಧ್ಯಾಹ್ನದ ನೆರಳು, ದಿನಕ್ಕೊಮ್ಮೆ ಓಟ, ನಡುಹಗಲಿನಲ್ಲಿ ಒಂದು ಮನುಷ್ಯ ಮುಖ ಸಾಕು. ಅದರ ಅಗತ್ಯವನ್ನು ಮೊದಲು ಅರಿಯುವವರು ಪಕ್ಕದ ಮನೆಯವರೇ. ಅವರು ಕಾನೂನಿನ ಪುಸ್ತಕ ಹಿಡಿಯುವ ಮುನ್ನ ಒಮ್ಮೆ ಆ ಮನೆಯ ಕಟ್ಟೆಯ ಮೇಲೆ ಕುಳಿತು ಮಾತನಾಡಿದರೆ, ಬಹಳಷ್ಟು ಕಡೆ ಪುಸ್ತಕ ತೆರೆಯುವ ಪ್ರಸಂಗವೇ ಬಾರದು.